ಚಕ್ರದಿಂದ ಒಳಗೆ ಬನ್ನಿ: ಹಳೆಯ ಮಸಲ್ ಕಾರಿಗೆ ಸ್ಪಿಂಡಲ್, ಬ್ರೇಕ್ ಆರಿಸುವ ಬಗೆ

ಮಸಲ್ ಕಾರು ಅಂದರೆ ಅರವತ್ತು, ಎಪ್ಪತ್ತರ ದಶಕದಲ್ಲಿ ಅಮೆರಿಕದವರು ದೊಡ್ಡ ಇಂಜಿನ್ ಕೂರಿಸಿ ಮಾಡಿದ ಜೋರಿನ ಕಾರು. ನನ್ನ ಹತ್ತಿರ ಇರುವುದು 1970ರ ಶೆವರ್ಲೆ ಶೆವೆಲ್. ಎಲ್ಲರೂ ಫೋಟೋ ಹಾಕುವ ಎಸ್‌ಎಸ್ (ಸೂಪರ್ ಸ್ಪೋರ್ಟ್, ವೇಗದ ಮಾದರಿ) ಅಲ್ಲ, ಸಾದಾ ಮಾದರಿ ಮಾಲಿಬು. ಎಸ್‌ಎಸ್ ಆಗಿದ್ದರೆ ಕಾರ್ಖಾನೆಯಿಂದಲೇ ಮುಂದೆ ಡಿಸ್ಕ್ ಬ್ರೇಕ್ ಬಂದಿರುತ್ತಿತ್ತು. ನನ್ನದಕ್ಕೆ ನಾಲ್ಕೂ ಕಡೆ ಒಂಬತ್ತೂವರೆ ಇಂಚಿನ ಡ್ರಮ್. ಒಂದೂವರೆ ಟನ್ನಿಗಿಂತ ಜಾಸ್ತಿ ತೂಕ, ಮುಂದೆ ವಿ8 ಇಂಜಿನ್, ಅದನ್ನೆಲ್ಲ ನಿಲ್ಲಿಸೋಕೆ ಒಗ್ಗರಣೆ ಬಾಣಲೆಯಷ್ಟು ಅಗಲದ ಡ್ರಮ್‌ಗಳು.

ಡೆಟ್ರಾಯ್ಟ್ ಪಕ್ಕದ ವುಡ್‌ವರ್ಡ್ ಅವೆನ್ಯೂನಲ್ಲಿ ಒಂದು ಸಂಜೆ ಮಳೆ ನಿಂತ ಮೇಲೆ ಹೊರಟಿದ್ದೆ. ರಸ್ತೆ ಬದಿ ನಿಂತಿದ್ದ ನೀರು ದಾಟಿ ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದೆ. ಕಾರು ನಿಲ್ಲುವುದನ್ನು ಬಿಟ್ಟು ಎಡಕ್ಕೆ, ಪಕ್ಕದ ಲೇನಿನ ಕಡೆಗೆ ಎಳೆಯಿತು. ಊರಲ್ಲಿ ಅಪ್ಪ ಅಂಬಾಸಿಡರ್ ಓಡಿಸುವಾಗ ನೀರು ದಾಟಿದ ತಕ್ಷಣ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗುತ್ತಿದ್ದರು. "ಡ್ರಮ್ ಒಣಗಲಿ ತಡಿ" ಅನ್ನುತ್ತಿದ್ದರು. ಮೂವತ್ತು ವರ್ಷ ಆದ ಮೇಲೆ, ಬೇರೆ ದೇಶದಲ್ಲಿ, ಆ ಮಾತಿನ ಅರ್ಥ ಆಯಿತು.

ಆ ವಾರವೇ ಒಂದು 'ಎಲ್ಲಾ ಸೇರಿದ' ಕಿಟ್ ತರಿಸಿದೆ. ಕಾರನ್ನು 2 ಇಂಚು ಇಳಿಸುವ ಸ್ಪಿಂಡಲ್ (ಮುಂದಿನ ಚಕ್ರ ಕೂರುವ ತುಂಡು), 11 ಇಂಚಿನ ಡಿಸ್ಕ್, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್, ಕಾಲಿನ ಒತ್ತಿಗೆ ಬಲ ಕೊಡುವ ಬೂಸ್ಟರ್, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್, ಎಲ್ಲವೂ ಒಂದೇ ಡಬ್ಬಿಯಲ್ಲಿ. ಯಾರ ಕಿಟ್ ಅನ್ನುವುದು ಬೇಡ. ಎರಡು ಶನಿವಾರ ಕೂತು ಜೋಡಿಸಿದೆ. ಮನೆ ಮುಂದಿನ ಇಳಿಜಾರಿನಿಂದ ಸ್ಟೇರಿಂಗ್ ಪೂರ್ತಿ ತಿರುಗಿಸಿಕೊಂಡು ರಸ್ತೆಗೆ ಇಳಿದಾಗ 'ಕರ್ರ್' ಅಂತ ಸದ್ದು. ಟೈರಿನ ಹೊರ ಅಂಚು ಫೆಂಡರಿನ, ಅಂದರೆ ಮಡ್‌ಗಾರ್ಡಿನ, ತುಟಿಗೆ ಉಜ್ಜಿ, ಬೆರಳಗಲ ಬಣ್ಣ ಎದ್ದುಹೋಗಿತ್ತು. ಅಳೆದು ನೋಡಿದರೆ ಕಿಟ್ ಒಂದೊಂದು ಚಕ್ರವನ್ನೂ ಅರ್ಧ ಇಂಚಿಗಿಂತ ಜಾಸ್ತಿ ಹೊರಗೆ ತಳ್ಳಿತ್ತು. ಡಬ್ಬಿಯ ಮೇಲಾಗಲಿ ಒಳಗಿನ ಚೀಟಿಯಲ್ಲಾಗಲಿ ಆ ವಿಷಯ ಇರಲಿಲ್ಲ.

ತಪ್ಪು ಅವರದ್ದು ಅರ್ಧ, ನನ್ನದು ಅರ್ಧ. ಅಂಗಡಿಯವರು ಯಾವಾಗಲೂ ಕೆಂಪು ಬಣ್ಣದ ಕ್ಯಾಲಿಪರ್ ತೋರಿಸಿ ವ್ಯಾಪಾರ ಶುರು ಮಾಡುತ್ತಾರೆ. ನಾವು ಶುರು ಮಾಡಬೇಕಾದ್ದು ಚಕ್ರದಿಂದ. ಮೊದಲು ಚಕ್ರ, ಆಮೇಲೆ ಸ್ಪಿಂಡಲ್, ಆಮೇಲೆ ಡಿಸ್ಕ್ ಮತ್ತು ಕ್ಯಾಲಿಪರ್, ಕೊನೆಗೆ ಮಾಸ್ಟರ್ ಸಿಲಿಂಡರ್ ಮತ್ತು ವಾಲ್ವ್. ಈ ಲೇಖನದ ದಾರಿಯೂ ಅದೇ.

ಸ್ಪಿಂಡಲ್ ಅಂದರೆ ಯಾವುದು

ನಮ್ಮೂರ ಗ್ಯಾರೇಜಿನಲ್ಲಿ ಸ್ಟಬ್ ಆಕ್ಸಲ್ ಅನ್ನುತ್ತಾರಲ್ಲ, ಅದೇ. ಮುಂದಿನ ಚಕ್ರದ ಹಿಂದೆ ನಿಂತಿರುವ ಕಬ್ಬಿಣದ ತುಂಡು. ಮೇಲೊಂದು, ಕೆಳಗೊಂದು ಬಾಲ್ ಜಾಯಿಂಟ್ (ಸ್ಪಿಂಡಲ್ಲನ್ನು ಸಸ್ಪೆನ್ಶನ್ನಿನ ಮೇಲಿನ, ಕೆಳಗಿನ ಆರ್ಮ್‌ಗಳಿಗೆ ಸೇರಿಸುವ ಗುಂಡು ಕೀಲು) ಕೂರುವ ತೂತು. ಮಧ್ಯದಿಂದ ಹೊರಗೆ ಚಾಚಿದ ದಪ್ಪ ಪಿನ್, ಅದರ ಮೇಲೆ ಬೇರಿಂಗ್, ಹಬ್. ಪಕ್ಕದಲ್ಲಿ ಸ್ಟೇರಿಂಗ್ ಆರ್ಮ್ ಮತ್ತು ಬ್ರೇಕ್ ಬ್ರಾಕೆಟ್ ಕಚ್ಚಿಕೊಳ್ಳುವ ಜಾಗ.

ಕಾರಿನ ಎತ್ತರ, ಚಕ್ರ ಎಷ್ಟು ಹೊರಗೆ ನಿಲ್ಲುತ್ತದೆ, ತಿರುವಿನಲ್ಲಿ ಟೈರ್ ಹೇಗೆ ವಾಲುತ್ತದೆ, ಯಾವ ಬ್ರೇಕ್ ಹಿಡಿಸುತ್ತದೆ, ಎಲ್ಲವೂ ಈ ತುಂಡಿನ ಆಕಾರದಲ್ಲೇ ಇದೆ. ಆದ್ದರಿಂದ ಸ್ಪಿಂಡಲ್ ಮಾರುವವರಿಗೆ ನಾಲ್ಕು ಪ್ರಶ್ನೆ ಕೇಳಿ. ಪಿನ್ ಮೂಲದ್ದಕ್ಕಿಂತ ಎಷ್ಟು ಮೇಲಿದೆ? ಎರಡು ಬಾಲ್ ಜಾಯಿಂಟ್‌ಗಳ ನಡುವಿನ ಎತ್ತರ ಎಷ್ಟು? ಬ್ರೇಕ್ ಸಮೇತ ಜೋಡಿಸಿದಾಗ ಚಕ್ರ ಕೂರುವ ಮುಖ ಎಷ್ಟು ಹೊರಗೆ ಬರುತ್ತದೆ? ಸ್ಟೇರಿಂಗ್ ಆರ್ಮ್ ಮೂಲದ ಜಾಗದಲ್ಲೇ ಕೂರುತ್ತದಾ? ಮೂರನೆಯ ಪ್ರಶ್ನೆಗೆ ಇಂಚಿನಲ್ಲಿ ಉತ್ತರ ಕೊಡದವರ ಹತ್ತಿರ ನಾನು ಈಗ ಏನೂ ಕೊಳ್ಳುವುದಿಲ್ಲ.

ಮೊದಲ ಹೆಜ್ಜೆ: ನಿಮ್ಮ ಕಾರಿನ ಮನೆತನ ತಿಳಿಯಿರಿ

ಜನರಲ್ ಮೋಟರ್ಸ್‌ನ (ಜಿಎಂ) ಕಾರಾದರೆ ಅದೃಷ್ಟ. 1964ರಿಂದ 72ರವರೆಗಿನ ಎ-ಬಾಡಿ (ಮಧ್ಯಮ ಗಾತ್ರದ ಕಾರುಗಳಿಗೆ ಕಂಪನಿ ಇಟ್ಟ ಹೆಸರು), ಅಂದರೆ ಶೆವೆಲ್, ಪಾಂಟಿಯಾಕ್ ಜಿಟಿಒ, ಓಲ್ಡ್ಸ್‌ಮೊಬೈಲ್ ಕಟ್ಲಸ್, ಬ್ಯೂಕ್ ಸ್ಕೈಲಾರ್ಕ್. 1967–69ರ ಕಮಾರೊ, ಫೈರ್‌ಬರ್ಡ್. 1968–74ರ ನೋವಾ. ಇವೆಲ್ಲವಕ್ಕೂ ಬಹುತೇಕ ಒಂದೇ ಬಗೆಯ ಸ್ಪಿಂಡಲ್ ಹಿಡಿಸುತ್ತದೆ. ಅದಕ್ಕೇ ಮಾರುಕಟ್ಟೆಯಲ್ಲಿ ಇವಕ್ಕೆ ಸಿಗುವಷ್ಟು ಮಾಲು ಬೇರೆ ಯಾವುದಕ್ಕೂ ಸಿಗುವುದಿಲ್ಲ. ವಿಲ್‌ವುಡ್, ಬೇಯರ್, ಸಿಪಿಪಿ ಥರದ ಕಂಪನಿಗಳ ಪಟ್ಟಿಯಲ್ಲಿ ಮೊದಲು ಕಾಣುವುದು ಈ ಕಾರುಗಳೇ. ಆದರೆ ಎರಡನೇ ತಲೆಮಾರಿನ ಕಮಾರೊ, ಅಂದರೆ 1970ರಿಂದ 81ರವರೆಗಿನದ್ದು, ಬೇರೆಯೇ. ಅದರಲ್ಲಿ ಸ್ಟೇರಿಂಗ್ ಸರಳುಗಳು ಚಕ್ರದ ನಡುಗೆರೆಯ ಮುಂದಿವೆ. ನಮ್ಮದರಲ್ಲಿ ಹಿಂದಿವೆ.

ಫೋರ್ಡ್ ಮಸ್ಟಾಂಗ್ ಆದರೆ ಚಕ್ರದ ನಟ್ ಎಣಿಸಿ. ಆರು ಸಿಲಿಂಡರಿನ ಹಳೆಯ ಮಸ್ಟಾಂಗಿಗೆ ನಾಲ್ಕು ನಟ್, ವಿ8ಗೆ ಐದು. ನಾಲ್ಕು ನಟ್ಟಿನ ಸ್ಪಿಂಡಲ್ ಚಿಕ್ಕದು, ಅದರ ಮೇಲೆ ದೊಡ್ಡ ಬ್ರೇಕ್ ಹಾಕುವ ಆಸೆ ಬಿಡಿ, ಸ್ಪಿಂಡಲ್ಲನ್ನೇ ಬದಲಿಸಿ. 1970ರಿಂದ ಸ್ಪಿಂಡಲ್ ಮತ್ತೆ ಬದಲಾಗಿದೆ, ಆದ್ದರಿಂದ 'ಮಸ್ಟಾಂಗಿಗೆ ಹಿಡಿಸುತ್ತದೆ' ಅನ್ನುವ ಮಾತು ಸಾಲದು, ವರ್ಷ ಬೇಕು.

ಕ್ರೈಸ್ಲರ್ ಮನೆಯ ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು, ಟಾರ್ಶನ್ ಬಾರ್ ಇದೆ. ಒಂದು ಬೋಲ್ಟ್ ತಿರುಗಿಸಿದರೆ ಮೂತಿ ಏರುತ್ತದೆ, ಇಳಿಯುತ್ತದೆ. ಕೆಳಗಿನ ಬಾಲ್ ಜಾಯಿಂಟ್ ಮತ್ತು ಸ್ಟೇರಿಂಗ್ ಆರ್ಮ್ ಒಂದೇ ತುಂಡಾಗಿ ಸ್ಪಿಂಡಲ್‌ಗೆ ಬೋಲ್ಟ್ ಆಗಿರುತ್ತದೆ. ಡಾರ್ಟ್, ಹಳೆಯ ಬ್ಯಾರಕೂಡ ಥರದ ಕ್ರೈಸ್ಲರ್ ಎ-ಬಾಡಿ (ಜಿಎಂ ಎ-ಬಾಡಿ ಬೇರೆ) ಕಾರುಗಳಿಗೆ ಚಕ್ರದ ಬೋಲ್ಟ್ ವೃತ್ತ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 4 ಇಂಚು. 1973ರಿಂದ ಡಿಸ್ಕ್ ಇರುವ ಎ-ಬಾಡಿಗೆ 4.5 ಇಂಚು. ಅಂದರೆ ಮುಂದೆ ಡಿಸ್ಕ್ ಹಾಕಿದರೆ ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆ ಆಗಬಹುದು. ಸ್ಟೆಪ್ನಿ ಯಾವ ಅಳತೆಯದ್ದು ಇಟ್ಟುಕೊಳ್ಳುತ್ತೀರಿ ಹೇಳಿ.

ಎರಡನೇ ಹೆಜ್ಜೆ: ಚಕ್ರ ಅಳೆಯಿರಿ

ಇದು ಬೇಸರದ ಕೆಲಸ, ಎಲ್ಲರೂ ಹಾರಿಸುವುದೂ ಇದನ್ನೇ.

ಸ್ಥೂಲವಾಗಿ ಲೆಕ್ಕ ಹೀಗೆ. 11 ಇಂಚಿನ ಡಿಸ್ಕ್ ಹೆಚ್ಚಿನ 15 ಇಂಚಿನ ಚಕ್ರದೊಳಗೆ ಕೂರುತ್ತದೆ. 13 ಇಂಚಿನದಕ್ಕೆ 17 ಇಂಚಿನ ಚಕ್ರ ಬೇಕು. 14 ಇಂಚಿನದಕ್ಕೆ 18. ನಿಮಗೆ ಆ ಕಾಲದ 14 ಅಥವಾ 15 ಇಂಚಿನ ರ್‍ಯಾಲಿ ಚಕ್ರಗಳೇ ಇಷ್ಟ ಅಂದರೆ ದೊಡ್ಡ ಬ್ರೇಕಿನ ಮಾತು ಇಲ್ಲಿಗೇ ಮುಗಿಯಿತು. ನನಗೆ ಅದರಲ್ಲಿ ಬೇಜಾರಿಲ್ಲ. ಶೆವೆಲ್ ಮೇಲೆ 20 ಇಂಚಿನ ಚಕ್ರ ನೋಡಿದರೆ ಅಜ್ಜನಿಗೆ ಮೊಮ್ಮಗನ ಶೂ ಹಾಕಿಸಿದ ಹಾಗೆ ಕಾಣುತ್ತದೆ.

ವ್ಯಾಸ ಹೊಂದಿತು ಅಂತ ನಿಲ್ಲಬೇಡಿ. ಚಕ್ರದ ಕಡ್ಡಿಗಳ ಒಳಮುಖಕ್ಕೂ ಕ್ಯಾಲಿಪರಿನ ಹೊರಮುಖಕ್ಕೂ ನಡುವೆ ಜಾಗ ಇರಬೇಕು. ಒಳ್ಳೆಯ ಬ್ರೇಕ್ ಕಂಪನಿಗಳು ಕ್ಯಾಲಿಪರಿನ ಆಕಾರದ ನಕ್ಷೆ ಕೊಡುತ್ತವೆ. ಅದನ್ನು ನಿಜವಾದ ಅಳತೆಗೆ ಮುದ್ರಿಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿ, ಚಕ್ರದೊಳಗೆ ಇಟ್ಟು ಒಂದು ಸುತ್ತು ತಿರುಗಿಸಿ. ಎಲ್ಲೂ 3 ಮಿಲಿಮೀಟರಿಗಿಂತ ಕಡಿಮೆ ಸಂದು ಇರಬಾರದು ಅನ್ನುವುದು ನನ್ನ ನಿಯಮ. ಕ್ಯಾಲಿಪರ್ ಕೈಯಲ್ಲೇ ಇದ್ದರೆ ಮಕ್ಕಳು ಆಡುವ ಬಣ್ಣದ ಮಣ್ಣನ್ನು ಅದರ ಮೇಲೆ ಮೆತ್ತಿ, ಚಕ್ರ ಹಾಕಿ ತಿರುಗಿಸಿ, ತೆಗೆದು ನೋಡಿ. ಮಣ್ಣು ಎಷ್ಟು ತೆಳುವಾಗಿ ಉಳಿದಿದೆಯೋ ಅಷ್ಟೇ ನಿಮ್ಮ ಸಂದು.

ಇನ್ನೊಂದು ಅಳತೆ ಬ್ಯಾಕ್‌ಸ್ಪೇಸಿಂಗ್. ಚಕ್ರವನ್ನು ಅಂದದ ಮುಖ ಕೆಳಗೆ ಮಾಡಿ ಚಾಪೆಯ ಮೇಲೆ ಮಲಗಿಸಿ. ಮೇಲಿನ ಅಂಚಿಗೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಡಿ. ಪಟ್ಟಿಯಿಂದ ಹಬ್ ಕೂರುವ ಮುಖದವರೆಗೆ ಎಷ್ಟು ಆಳ ಅಂತ ಅಳೆಯಿರಿ. ಸ್ಪಿಂಡಲ್ ಮತ್ತು ಬ್ರೇಕ್ ಸೇರಿ ಚಕ್ರವನ್ನು ಅರ್ಧ ಇಂಚು ಹೊರಗೆ ತಳ್ಳುತ್ತವೆ ಅಂದರೆ, ಚಕ್ರ ಮೊದಲಿನ ಜಾಗದಲ್ಲೇ ನಿಲ್ಲಲು ಈ ಆಳ ಅರ್ಧ ಇಂಚು ಜಾಸ್ತಿ ಇರಬೇಕು. ಹಾಗಂದರೆ ಬೇರೆ ಚಕ್ರ. ಕಿಟ್‌ನ ಬೆಲೆಗೆ ನಾಲ್ಕು ಚಕ್ರದ ಬೆಲೆ ಸೇರಿಸಿ ನೋಡಿ, ಆಗ ಅಗ್ಗದ ಕಿಟ್ ಎಷ್ಟು ಅಗ್ಗ ಅಂತ ಗೊತ್ತಾಗುತ್ತದೆ.

ಬೋಲ್ಟ್ ವೃತ್ತವನ್ನೂ ಗಮನಿಸಿ. ಈ ಶೆವರ್ಲೆಗಳದ್ದು 4.75 ಇಂಚು, ಅಂದರೆ 120.65 ಮಿಲಿಮೀಟರ್. ಐದು ನಟ್ಟಿನ ಮಸ್ಟಾಂಗಿನದ್ದು 4.5 ಇಂಚು, 114.3 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ನಟ್ ಹಾಕುವಾಗ ಮಾತ್ರ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಯಾವ ಸ್ಪಿಂಡಲ್

ಸುಮ್ನೆ ಡಿಸ್ಕ್ ಬ್ರೇಕ್ ಬೇಕು, ಕಾರು ಮೊದಲಿನಂತೆಯೇ ನಿಲ್ಲಬೇಕು ಅನ್ನುವವರಿಗೆ ಮೂಲ ಎತ್ತರದ ಸ್ಪಿಂಡಲ್ ಸಾಕು. 1967–68ರಲ್ಲಿ ಕಾರ್ಖಾನೆ ಹಾಕುತ್ತಿದ್ದದ್ದು ನಾಲ್ಕು ಪಿಸ್ಟನ್‌ನ ಕ್ಯಾಲಿಪರ್. 1969ರಿಂದ ಒಂದೇ ದೊಡ್ಡ ಪಿಸ್ಟನ್‌ನ ಜಾರುವ ಕ್ಯಾಲಿಪರ್, 11 ಇಂಚಿನ ಡಿಸ್ಕ್. ಈ 1969ರ ಬಗೆಯದ್ದು ಇವತ್ತಿಗೂ ಎಲ್ಲಾ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ನಾನು ಕೊನೆಗೆ ಬಂದು ನಿಂತಿದ್ದೂ ಇಲ್ಲೇ.

ಕಾರು ತಗ್ಗಿ ನಿಲ್ಲಬೇಕು ಅನ್ನುವವರಿಗೆ ಡ್ರಾಪ್ ಸ್ಪಿಂಡಲ್. ಇದರಲ್ಲಿ ಪಿನ್ 2 ಇಂಚು ಮೇಲೆ ಇರುತ್ತದೆ, ಕಾರು ಅಷ್ಟು ಕೆಳಗೆ ಬರುತ್ತದೆ. ಸ್ಪ್ರಿಂಗ್ ಕತ್ತರಿಸುವುದಕ್ಕಿಂತ ಇದು ಎಷ್ಟೋ ವಾಸಿ. ಸ್ಪ್ರಿಂಗ್ ಕತ್ತರಿಸಿದರೆ ಆರ್ಮ್‌ಗಳ ಕೋನ ಬದಲಾಗುತ್ತದೆ, ಕುಣಿಯಲು ಇರುವ ಜಾಗ ಕಡಿಮೆಯಾಗುತ್ತದೆ. ಡ್ರಾಪ್ ಸ್ಪಿಂಡಲ್‌ನಲ್ಲಿ ಅವೆರಡೂ ಹಾಗೇ ಉಳಿಯುತ್ತವೆ. ಆದರೆ ಕೆಳಗಿನ ಬಾಲ್ ಜಾಯಿಂಟ್ ಮತ್ತು ಟೈ ರಾಡ್ (ಸ್ಟೇರಿಂಗ್ ಸರಳು) ತುದಿ ಚಕ್ರದ ಅಂಚಿಗೆ 2 ಇಂಚು ಹತ್ತಿರ ಬರುತ್ತವೆ. 14 ಇಂಚಿನ ಚಕ್ರವಾದರೆ ಅವು ತಾಗಬಹುದು. ಟೈರ್ ಪಂಕ್ಚರ್ ಆಗಿ ಕಾರು ರಿಮ್ಮಿನ ಮೇಲೆ ಕೂತರೂ ಸಸ್ಪೆನ್ಶನ್ನಿನ ಯಾವ ಭಾಗವೂ ನೆಲಕ್ಕೆ ತಾಗಬಾರದು. ಮಗ್ಗುಲಲ್ಲಿ ಕೂತು, ಎರಡು ರಿಮ್ಮಿನ ಕೆಳ ಅಂಚುಗಳ ನಡುವೆ ದಾರ ಕಟ್ಟಿ ನೋಡಿ. ದಾರದ ಕೆಳಗೆ ಏನಾದರೂ ಇಣುಕಿದರೆ ಆ ಸ್ಪಿಂಡಲ್ ನಿಮ್ಮ ಚಕ್ರಕ್ಕಲ್ಲ.

ಮೂರನೆಯದು ಎತ್ತರದ ಸ್ಪಿಂಡಲ್. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಈ ಕಾರುಗಳ ದೊಡ್ಡ ದೋಷ ಬ್ರೇಕಿನಲ್ಲಲ್ಲ, ಇಲ್ಲಿದೆ.

ಅರವತ್ತರ ದಶಕದ ಜಿಎಂ ಇಂಜಿನಿಯರುಗಳು ಈ ಸಸ್ಪೆನ್ಶನ್ ಮಾಡಿದಾಗ ಇದ್ದದ್ದು ಬಯಾಸ್ ಪ್ಲೈ, ಅಂದರೆ ಒಳಗಿನ ನೂಲಿನ ಪದರಗಳು ಓರೆಯಾಗಿರುವ ಹಳೆಯ ಬಗೆಯ ಟೈರು. ಇವತ್ತಿನ ರೇಡಿಯಲ್ ಟೈರು ಅಮೆರಿಕದ ಕಾರುಗಳಲ್ಲಿ ರೂಢಿಗೆ ಬಂದದ್ದು ಆಮೇಲೆ. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರ ಮೇಲಕ್ಕೆ ಏರುತ್ತದೆ. ಆಗ ಆ ಚಕ್ರದ ತಲೆ ಸ್ವಲ್ಪ ಒಳಗೆ ವಾಲಬೇಕು, ಆಗಲೇ ಟೈರ್ ನೆಲದ ಮೇಲೆ ಪೂರ್ತಿ ಅಂಗಾಲೂರಿ ನಿಲ್ಲುವುದು. ಈ ಕಾರುಗಳಲ್ಲಿ ಅದು ಹೊರಗೆ ವಾಲುತ್ತದೆ. ಅಂದರೆ ಟೈರು ಹೊರ ಅಂಚಿನ ಮೇಲೆ ನಿಂತು, ಕಿರುಚಿ, ಜಾರುತ್ತದೆ. ಕಾರಣ, ಮೇಲಿನ ಆರ್ಮ್‌ನ ಇಳಿಜಾರು ತಪ್ಪು ದಿಕ್ಕಿಗಿದೆ. ಮೇಲಿನ ಬಾಲ್ ಜಾಯಿಂಟ್ ಇರಬೇಕಾದ್ದಕ್ಕಿಂತ ಕೆಳಗಿದೆ.

ಅದನ್ನು ಸರಿಮಾಡಲು ಎರಡು ದಾರಿ. ಬಾಲ್ ಜಾಯಿಂಟನ್ನು ಮೇಲೆ ಎತ್ತುವುದು, ಇಲ್ಲವೇ ಮೇಲಿನ ಆರ್ಮ್ ಚಾಸಿಗೆ ಕಚ್ಚಿಕೊಳ್ಳುವ ಜಾಗವನ್ನು ಕೆಳಗೆ ಇಳಿಸುವುದು. ಎರಡನೆಯದನ್ನು ಕಮಾರೊ ಲೋಕದಲ್ಲಿ ರೇಸರ್ ಡಿಕ್ ಗುಲ್ಡ್‌ಸ್ಟ್ರಾಂಡ್ ಹೆಸರಿನಿಂದ ಕರೆಯುತ್ತಾರೆ. ಮಸ್ಟಾಂಗ್ ಲೋಕದಲ್ಲಿ ಅದು ಶೆಲ್ಬಿ ಡ್ರಾಪ್. ಅದರ ಹಿಂದಿದ್ದ ಫೋರ್ಡ್ ಇಂಜಿನಿಯರ್ ಕ್ಲೌಸ್ ಆರ್ನಿಂಗ್ ಹೆಸರಿನಿಂದ ಆರ್ನಿಂಗ್ ಡ್ರಾಪ್ ಅಂತಲೂ ಅನ್ನುತ್ತಾರೆ. ಮೇಲಿನ ಆರ್ಮ್‌ನ ತೂತುಗಳನ್ನು 1 ಇಂಚು ಕೆಳಗೆ ಕೊರೆದರೆ ಆಯಿತು. ಡ್ರಿಲ್ ಮತ್ತು ಒಂದು ತಗಡಿನ ಅಚ್ಚು, ಅಷ್ಟೇ ಖರ್ಚು. ಮಸ್ಟಾಂಗ್ ಇರುವವರು ಹೊಸ ಸ್ಪಿಂಡಲ್ ನೋಡುವ ಮೊದಲು ಇದನ್ನು ಮಾಡಿ.

ಶೆವೆಲ್‌ನಲ್ಲಿ ಬಾಲ್ ಜಾಯಿಂಟ್ ಎತ್ತುವುದೇ ಸುಲಭ. ಎತ್ತರದ ಸ್ಪಿಂಡಲ್ ಹಾಕಬಹುದು. ಅರ್ಧ ಇಂಚು ಉದ್ದದ ಬಾಲ್ ಜಾಯಿಂಟೇ ಸಿಗುತ್ತದೆ, ಬಡವರ ಮಾರ್ಗ ಅದು, ನನಗೆ ಇಷ್ಟವಾದದ್ದೂ ಅದೇ. ಹಿಂದೆ ಜನ ಗುಜರಿಯಿಂದ ದೊಡ್ಡ ಇಂಪಾಲಾಗಳ, ಇಲ್ಲವೇ 1970–81ರ ಕಮಾರೊಗಳ ಎತ್ತರದ ಸ್ಪಿಂಡಲ್ ತಂದು ಹಾಕುತ್ತಿದ್ದರು. ಟೈರ್ ಚೆನ್ನಾಗಿ ನಿಲ್ಲುತ್ತಿತ್ತು, ಆದರೆ ರಸ್ತೆಯ ಉಬ್ಬು ಹತ್ತಿದಾಗ ಕಾರು ತಾನೇ ತಿರುಗುತ್ತಿತ್ತು. ಇದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ. ಟೈ ರಾಡ್ ಮತ್ತು ಆರ್ಮ್‌ಗಳು ಒಂದೇ ಕಂಸದಲ್ಲಿ ಓಡಾಡದಿದ್ದರೆ ಚಕ್ರ ಏರಿಳಿದಾಗ ದಿಕ್ಕು ಬದಲಾಗುತ್ತದೆ. ಫೋರ್ಡ್‌ನವರ ಗ್ರನಾಡಾ ಸ್ಪಿಂಡಲ್ ಕಥೆಯೂ ಇದೇ. ಎಪ್ಪತ್ತರ ದಶಕದ ಗ್ರನಾಡಾದ ಡಿಸ್ಕ್ ಬ್ರೇಕನ್ನು ಸ್ಪಿಂಡಲ್ ಸಮೇತ ಹಳೆಯ ಮಸ್ಟಾಂಗಿಗೆ ಹಾಕಿದವರು ಬಹಳ. ಬ್ರೇಕ್ ಸಿಕ್ಕಿತು, ಜೊತೆಗೆ ಬಂಪ್ ಸ್ಟಿಯರೂ ಸಿಕ್ಕಿತು. ಇವತ್ತು ಸರಿಯಾಗಿ ಲೆಕ್ಕ ಹಾಕಿ ಮಾಡಿದ ಹೊಸ ಸ್ಪಿಂಡಲ್ ಸಿಗುವಾಗ ಆ ಗುಜರಿ ಪ್ರಯೋಗ ಬೇಡ.

ಎತ್ತರದ ಸ್ಪಿಂಡಲ್ ಕೊಂಡರೆ ಅದಕ್ಕೆ ಹೊಂದುವ ಮೇಲಿನ ಆರ್ಮ್ ಕೂಡ ಕೊಳ್ಳಬೇಕಾಗಬಹುದು. ಹಳೆಯ ಆರ್ಮ್‌ನಲ್ಲಿ ಬಾಲ್ ಜಾಯಿಂಟ್ ತನ್ನ ಮಿತಿಯವರೆಗೆ ವಾಲಿ ಸಿಕ್ಕಿಕೊಳ್ಳುತ್ತದೆ, ಅಲೈನ್‌ಮೆಂಟ್ ಶಿಮ್‌ಗಳು (ಕೋನ ಹೊಂದಿಸಲು ನಡುವೆ ಇಡುವ ತಗಡಿನ ತುಂಡುಗಳು) ಸಾಲುವುದಿಲ್ಲ. ಕೇಳಿಯೇ ಕೊಳ್ಳಿ.

ಡಬ್ಬಿ ಬಂದ ಮೇಲೆ ಒಂದು ಪರೀಕ್ಷೆ. ಬಾಲ್ ಜಾಯಿಂಟಿನ ಮೊನೆಗೆ ಮಶಿನ್ ಅಂಗಡಿಯಲ್ಲಿ ಸಿಗುವ ನೀಲಿ ಮಾರ್ಕಿಂಗ್ ಪೇಸ್ಟನ್ನು ತೆಳ್ಳಗೆ ಸವರಿ. ಸ್ಪಿಂಡಲ್ಲಿನ ತೂತಿಗೆ ಒತ್ತಿ, ಕಾಲು ಸುತ್ತು ತಿರುಗಿಸಿ, ಹೊರಗೆ ತೆಗೆಯಿರಿ. ತೂತಿನ ಒಳಗೆ ನೀಲಿ ಸುತ್ತಲೂ ಸಮನಾಗಿ ಹತ್ತಿರಬೇಕು. ನನ್ನ ಮೊದಲ ಕಿಟ್‌ನ ಒಂದು ತೂತಿನಲ್ಲಿ ಮೇಲಿನ ಅಂಚಿಗೆ ಮಾತ್ರ, ಉಂಗುರದಷ್ಟೇ ನೀಲಿ ಹತ್ತಿತ್ತು. ಅಂದರೆ ಇಡೀ ಮುಂಭಾಗದ ಭಾರ ಆ ಒಂದು ಗೆರೆಯ ಮೇಲೆ. ನಟ್ ಎಷ್ಟೇ ಬಿಗಿದರೂ ಅದು ಒಂದು ದಿನ ಸಡಿಲ ಆಗಿಯೇ ಆಗುತ್ತದೆ. ಅಂಥದ್ದು ಕಂಡರೆ ಉಜ್ಜಿ ಸರಿಮಾಡಲು ಹೋಗಬೇಡಿ, ವಾಪಸ್ ಕಳಿಸಿ.

ನಾಲ್ಕನೇ ಹೆಜ್ಜೆ: ಡಿಸ್ಕ್, ಕ್ಯಾಲಿಪರ್

ದೊಡ್ಡ ಡಿಸ್ಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಅನ್ನುವುದು ಅರ್ಧ ಸತ್ಯ. ಕಾರನ್ನು ನಿಲ್ಲಿಸುವುದು ಟೈರು. ಈಗಿರುವ ಬ್ರೇಕ್ ನಾಲ್ಕೂ ಚಕ್ರವನ್ನು ಲಾಕ್ ಮಾಡುವಷ್ಟು ಹಿಡಿಯುತ್ತಿದ್ದರೆ, ಒಂದೇ ಸಲದ ಬ್ರೇಕಿಗೆ ದೊಡ್ಡದರಿಂದ ಲಾಭ ಕಡಿಮೆ. ದೊಡ್ಡ ಡಿಸ್ಕ್ ಕೊಡುವುದು ಬಿಸಿ ತಡೆಯುವ ಶಕ್ತಿ. ಬೆಟ್ಟ ಇಳಿಯುವಾಗ, ಟ್ರ್ಯಾಕಿನಲ್ಲಿ ಮತ್ತೆ ಮತ್ತೆ ಒತ್ತುವಾಗ ಅದು ಬೇಕು. ಭಾನುವಾರ ಕಾಫಿಗೆ ಹೋಗಿ ಬರುವ ಕಾರಿಗೆ 11 ಇಂಚು ಧಾರಾಳ. ಉಳಿದ ದುಡ್ಡಿಗೆ ಒಳ್ಳೆಯ ಟೈರ್ ಕೊಳ್ಳಿ.

ಜಾರುವ ಕ್ಯಾಲಿಪರಾ, ಎರಡೂ ಕಡೆ ಪಿಸ್ಟನ್ ಇರುವ ಗಟ್ಟಿ ಕ್ಯಾಲಿಪರಾ? ಗಟ್ಟಿ ಕ್ಯಾಲಿಪರ್ ಹಗುರ, ಒತ್ತಿದಾಗ ಪೆಡಲ್ ಕಲ್ಲಿನ ಹಾಗೆ. ಆದರೆ ಅದು ಡಿಸ್ಕಿನ ಸರಿಯಾಗಿ ಮಧ್ಯಕ್ಕೆ ಕೂರಬೇಕು, ಶಿಮ್ ಹಾಕಿ ಎರಡೂ ಕಡೆ ಸಂದು ಅಳೆದು ಕೂರಿಸಬೇಕು. ಇನ್ನೊಂದು ಕಾಟವಿದೆ. ಹಳೆಯ ತೆಳು ಪಿನ್ನಿನ ಸ್ಪಿಂಡಲ್‌ಗೆ ಅಗಲ ಟೈರ್ ಹಾಕಿ ಜೋರಾಗಿ ತಿರುಗಿಸಿದರೆ ಪಿನ್ ಕೂದಲೆಳೆಯಷ್ಟು ಬಾಗುತ್ತದೆ. ಡಿಸ್ಕ್ ಅಲುಗಿ ಪ್ಯಾಡುಗಳನ್ನು ಹಿಂದಕ್ಕೆ ದೂಡುತ್ತದೆ. ಮುಂದಿನ ಸಲ ಬ್ರೇಕ್ ಒತ್ತಿದಾಗ ಪೆಡಲ್ ಅರ್ಧ ಒಳಗೆ ಹೋಗುತ್ತದೆ, ಎದೆ ಝಲ್ ಅನ್ನುತ್ತದೆ. ಜಾರುವ ಕ್ಯಾಲಿಪರಿನಲ್ಲಿ ಈ ಕಾಟ ಕಡಿಮೆ. ಟ್ರ್ಯಾಕಿಗೆ ಹೋಗುವವರು ಕಾರ್ವೆಟ್ ಥರದ ಸೀಲ್ ಮಾಡಿದ ಹಬ್ ಕೂರುವ ಹೊಸ ಸ್ಪಿಂಡಲ್‌ಗಳಿಗೆ ಸಾವಿರಗಟ್ಟಲೆ ಡಾಲರ್ ಸುರಿಯುವುದು ಇದಕ್ಕೇ. ಅವರಿಗೆ ಅದು ದಂಡ ಅಲ್ಲ.

ಹಿಂದಿನ ಡ್ರಮ್ ಇರಲಿ ಬಿಡಿ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬರುತ್ತದೆ, ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳದ್ದು. ಹ್ಯಾಂಡ್ ಬ್ರೇಕೂ ಡ್ರಮ್‌ನಲ್ಲಿ ಸಲೀಸು. ಹಿಂದೆಯೂ ಡಿಸ್ಕ್ ಬೇಕೇ ಬೇಕು ಅಂದರೆ ಆಕ್ಸಲ್ ನೋಡಿ. ಜಿಎಂನ 12 ಬೋಲ್ಟ್ ಆಕ್ಸಲ್‌ನಲ್ಲಿ ಶಾಫ್ಟನ್ನು ಒಳಗೆ ಸಿ ಆಕಾರದ ಕ್ಲಿಪ್ ಹಿಡಿದಿರುತ್ತದೆ, ಶಾಫ್ಟ್ ಸ್ವಲ್ಪ ಒಳಗೆ ಹೊರಗೆ ಆಡುತ್ತದೆ. ಅದಕ್ಕೆ ಜಾರುವ ಕ್ಯಾಲಿಪರೇ ಸರಿ. ಫೋರ್ಡ್‌ನ 9 ಇಂಚಿನ ಆಕ್ಸಲ್‌ಗೆ ಈ ತೊಂದರೆ ಇಲ್ಲ.

ಐದನೇ ಹೆಜ್ಜೆ: ಮಾಸ್ಟರ್ ಸಿಲಿಂಡರ್, ಬೂಸ್ಟರ್, ವಾಲ್ವ್

ಡ್ರಮ್ ಬ್ರೇಕಿನಲ್ಲಿ ಶೂ ತಾನೇ ಡ್ರಮ್ಮಿಗೆ ಕಚ್ಚಿಕೊಂಡು ಬಿಗಿಯಾಗುತ್ತದೆ. ಕಾಲಿಗೆ ಶ್ರಮ ಕಡಿಮೆ. ಡಿಸ್ಕ್‌ಗೆ ಆ ಸಹಾಯ ಇಲ್ಲ, ಎಲ್ಲಾ ಒತ್ತಡ ಎಣ್ಣೆಯಿಂದಲೇ ಬರಬೇಕು, ಎಣ್ಣೆಯೂ ಜಾಸ್ತಿ ಬೇಕು. ಹಳೆಯ ಡ್ರಮ್ ಮಾಸ್ಟರನ್ನೇ ಉಳಿಸಿಕೊಂಡರೆ ಆಗುವುದಿಲ್ಲ. ಅದರಲ್ಲಿ ಡಿಸ್ಕ್ ಭಾಗದ ಎಣ್ಣೆ ಕೋಣೆ ಚಿಕ್ಕದು, ಒಳಗೆ ಸುಮಾರು 10 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ಹಿಡಿದಿಡುವ ಚಿಕ್ಕ ವಾಲ್ವ್ ಬೇರೆ ಇರುತ್ತದೆ. ಡ್ರಮ್‌ಗೆ ಅದು ಬೇಕು. ಡಿಸ್ಕ್‌ಗೆ ಅದು ಪ್ಯಾಡನ್ನು ಸದಾ ಒತ್ತಿ ಹಿಡಿದು ಕಾಯಿಸುತ್ತದೆ. 1966 ಮತ್ತು ಅದಕ್ಕೂ ಹಿಂದಿನ ಹೆಚ್ಚಿನ ಕಾರುಗಳಿಗೆ ಒಂದೇ ಕೋಣೆಯ ಮಾಸ್ಟರ್. ಒಂದು ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಹೋದವು. ಬೇರೇನು ಮಾಡದಿದ್ದರೂ ಅದನ್ನು ಎರಡು ಕೋಣೆಯದ್ದಕ್ಕೆ ಬದಲಿಸಿ.

ಮಾಸ್ಟರ್‌ನ ಒಳವ್ಯಾಸ ಆರಿಸಲು ಚಿಕ್ಕ ಲೆಕ್ಕ. ಬೂಸ್ಟರ್ ಇಲ್ಲದ ಕಾರಿನ ಪೆಡಲ್ ಕಾಲಿನ ಒತ್ತನ್ನು ಸುಮಾರು 6 ಪಟ್ಟು ಮಾಡುತ್ತದೆ. 100 ಪೌಂಡ್ ಒತ್ತಿದರೆ 600 ಪೌಂಡ್. 1 ಇಂಚಿನ ಮಾಸ್ಟರ್ ಆದರೆ ಸುಮಾರು 760 ಪಿಎಸ್ಐ ಒತ್ತಡ ಬರುತ್ತದೆ. 7/8 ಇಂಚಿನದಾದರೆ ಹತ್ತಿರ ಹತ್ತಿರ 1000. 1 1/8 ಇಂಚಿನದಾದರೆ ಬರೀ 600. ಚಿಕ್ಕದಾದಷ್ಟೂ ಒತ್ತಡ ಜಾಸ್ತಿ, ಆದರೆ ಪೆಡಲ್ ಅಷ್ಟೇ ಆಳಕ್ಕೆ ಹೋಗುತ್ತದೆ. 'ದೊಡ್ಡ ಮಾಸ್ಟರ್ ಹಾಕು, ಬ್ರೇಕ್ ಜೋರಾಗುತ್ತೆ' ಅನ್ನುವವರು ಉಲ್ಟಾ ಹೇಳುತ್ತಿದ್ದಾರೆ.

ಬೂಸ್ಟರ್ ಹಾಕುವುದಾದರೆ ಪೆಡಲ್ ಕೈಯಲ್ಲಿ ಎರಡು ತೂತು ಇದೆಯಾ ನೋಡಿ. ಶೆವೆಲ್‌ನಲ್ಲಿ ಮೇಲಿನದು ಬೂಸ್ಟರ್ ಇಲ್ಲದ್ದಕ್ಕೆ, ಕೆಳಗಿನದು ಬೂಸ್ಟರ್‌ಗೆ. ಆಮೇಲೆ ಇಂಜಿನಿನ ವ್ಯಾಕ್ಯೂಮ್ ಅಳೆಯಿರಿ, ಬೂಸ್ಟರ್ ನಡೆಯುವುದು ಆ ಹೀರುವ ಬಲದಿಂದಲೇ. ಬೂಸ್ಟರ್‌ಗೆ ಸುಮಾರು 18 ಇಂಚು ಪಾದರಸದಷ್ಟು ಇದ್ದರೆ ಚೆಂದ. ನಿಂತಲ್ಲೇ 'ಗುಡುಕ್ ಗುಡುಕ್' ಅನ್ನುವ ದೊಡ್ಡ ಕ್ಯಾಮ್ (ಇಂಜಿನಿನ ವಾಲ್ವ್ ತೆರೆಯುವ ಶಾಫ್ಟ್) ಹಾಕಿದ್ದರೆ ಅದರ ಅರ್ಧವೂ ಸಿಗದಿರಬಹುದು. ಆ ಸದ್ದು ಕಿವಿಗೆ ಹಬ್ಬ, ಬೂಸ್ಟರ್‌ಗೆ ಉಪವಾಸ. ಆಗ ಬೂಸ್ಟರ್ ಇಲ್ಲದೆ ಚಿಕ್ಕ ಮಾಸ್ಟರ್ ಹಾಕಿ, ಇಲ್ಲವೇ ಪವರ್ ಸ್ಟೇರಿಂಗ್ ಪಂಪಿನಿಂದ ನಡೆಯುವ ಹೈಡ್ರೋಬೂಸ್ಟ್ ನೋಡಿ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇದ್ದರೆ ಅದಕ್ಕೆಂದೇ ಮಾಡಿದ ಕಾಂಬಿನೇಷನ್ ವಾಲ್ವ್ ಬೇಕು. ಹಿಂದಿನ ಶೂಗಳು ಡ್ರಮ್ಮಿಗೆ ತಾಗುವವರೆಗೆ ಅದು ಮುಂದಿನದನ್ನು ತಡೆಯುತ್ತದೆ, ಜೋರಾಗಿ ಒತ್ತಿದಾಗ ಹಿಂದಿನ ಒತ್ತಡ ಏರುವುದನ್ನು ತಗ್ಗಿಸುತ್ತದೆ. ಟೈರ್, ಎತ್ತರ ಎಲ್ಲಾ ಬದಲಿಸಿದವರು ತಿರುಗಿಸಿ ಹೊಂದಿಸುವ ವಾಲ್ವನ್ನು ಹಿಂದಿನ ಪೈಪಿಗೆ ಹಾಕಬಹುದು. ಆದರೆ ಹಿಂದಿನ ಒತ್ತಡ ತಗ್ಗಿಸುವ ವಾಲ್ವ್ ಎರಡು ಬೇಡ, ಯಾವುದಾದರೂ ಒಂದು ಸಾಕು. ಮಾಸ್ಟರ್ ನೆಲದಡಿ, ಕ್ಯಾಲಿಪರಿಗಿಂತ ಕೆಳಗಿದ್ದರೆ ಮಾತ್ರ ಡಿಸ್ಕ್ ಪೈಪಿಗೆ 2 ಪಿಎಸ್ಐ ವಾಲ್ವ್ ಬೇಕು.

ಆರನೇ ಹೆಜ್ಜೆ: ಜೋಡಣೆ

ಮಿಷಿಗನ್ ಥರ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಕಡೆಯ ಕಾರಾದರೆ ಒಂದು ವಾರ ಮೊದಲೇ ಎಲ್ಲಾ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

ಕಾಯಿಲ್ ಸ್ಪ್ರಿಂಗ್‌ನಲ್ಲಿ ಪ್ರಾಣ ತೆಗೆಯುವಷ್ಟು ಶಕ್ತಿ ಅಡಗಿದೆ. ಚಾಸಿ ಗಟ್ಟಿಯಾದ ಸ್ಟ್ಯಾಂಡ್ ಮೇಲಿರಲಿ. ಕೆಳಗಿನ ಆರ್ಮ್ ಅಡಿಗೆ ಜ್ಯಾಕ್ ಕೊಟ್ಟು, ಅದನ್ನು ಕೊನೆಯವರೆಗೂ ತೆಗೆಯಬೇಡಿ. ಸ್ಪ್ರಿಂಗ್ ಒಳಗಿಂದ ಸರಪಳಿ ತೂರಿಸಿ ಚಾಸಿಗೆ ಕಟ್ಟಿ. ಬಾಲ್ ಜಾಯಿಂಟ್ ನಟ್ಟನ್ನು ಕೆಲವು ಎಳೆ ಸಡಿಲಿಸಿ ಅಲ್ಲೇ ಬಿಡಿ, ಪೂರ್ತಿ ಬಿಚ್ಚಬೇಡಿ. ಆಮೇಲೆ ಸ್ಪಿಂಡಲ್ಲಿನ ಮಗ್ಗುಲಿಗೆ ಸುತ್ತಿಗೆಯಿಂದ ಹೊಡೆಯಿರಿ. 'ಟಕ್' ಅಂತ ಬಿಟ್ಟುಕೊಂಡರೂ ನಟ್ ಹಿಡಿದಿರುತ್ತದೆ.

ಹೊಸ ಬೇರಿಂಗ್‌ಗೆ ಅಂಗೈಯಲ್ಲಿ ಗ್ರೀಸ್ ಇಟ್ಟು, ಉರುಳುಗಳ ನಡುವಿಂದ ಆಚೆ ಕಡೆ ಇಣುಕುವವರೆಗೆ ಒತ್ತಿ ತುಂಬಿ. ಹಬ್ ಹಾಕಿ, ಡಿಸ್ಕನ್ನು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು 12 ಫುಟ್-ಪೌಂಡ್‌ವರೆಗೆ ಬಿಗಿಯಿರಿ. ಇದು ಬೇರಿಂಗ್ ಕೂರಲಿ ಅಂತ ಅಷ್ಟೇ. ಆಮೇಲೆ ಸಡಿಲಿಸಿ, ಬೆರಳಿನಲ್ಲಿ ಮಾತ್ರ ಮತ್ತೆ ಬಿಗಿದು, ಸ್ಪ್ಲಿಟ್ ಪಿನ್ ತೂತು ಹೊಂದದಿದ್ದರೆ ಹಿಂದಕ್ಕೆ ತಿರುಗಿಸಿ ಹೊಂದಿಸಿ, ಮುಂದಕ್ಕಲ್ಲ. ಡಯಲ್ ಗೇಜ್ ಇಟ್ಟರೆ 0.001ರಿಂದ 0.005 ಇಂಚು ಆಟ ಕಾಣಬೇಕು. ಬಿಗಿಯಾಗಿದ್ದರೆ ಒಳ್ಳೆಯದು ಅಂತ ನಟ್ಟು ಒತ್ತಿ ಬಿಗಿದವರ ಬೇರಿಂಗ್ ನೀಲಿಗಟ್ಟಿದ್ದನ್ನು ನೋಡಿದ್ದೇನೆ.

ಕ್ಯಾಲಿಪರ್ ಹಾಕಿದ ಮೇಲೆ ಗಾಳಿ ತೆಗೆಯುವ ನಿಪ್ಪಲ್ ಮೇಲ್ಗಡೆ ಇದೆಯಾ ನೋಡಿ. ಕೆಳಗಿದ್ದರೆ ಎಡ ಬಲ ಅದಲು ಬದಲಾಗಿದೆ. ಇಡೀ ದಿನ ಪಂಪ್ ಮಾಡಿದರೂ ಗಾಳಿ ಹೋಗುವುದಿಲ್ಲ. ಮಾಸ್ಟರನ್ನು ಕಾರಿಗೆ ಹಾಕುವ ಮೊದಲೇ ವೈಸ್‌ಗೆ ಕಚ್ಚಿಸಿ ಅದರ ಗಾಳಿ ತೆಗೆಯಿರಿ. ಕಾರಿನಲ್ಲಿ ದೂರದ ಚಕ್ರದಿಂದ ಶುರು: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ಸಾಕು. ಡಾಟ್ 5 ಸಿಲಿಕೋನ್, ಅದನ್ನು ಇವೆರಡರ ಜೊತೆ ಬೆರೆಸಲೇಬಾರದು. ಕಾರ್ಖಾನೆಯ ಸ್ಟೀಲ್ ಪೈಪುಗಳ ತುದಿ 45 ಡಿಗ್ರಿ, ರೇಸಿಂಗ್ ಫಿಟಿಂಗ್‌ಗಳದ್ದು 37 ಡಿಗ್ರಿ. ಬಲವಂತಕ್ಕೆ ಕೂರುತ್ತವೆ, ಆಮೇಲೆ ಸೋರುತ್ತವೆ.

ಸ್ಪಿಂಡಲ್ ಬದಲಾದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಅಂಗಡಿಯವನು ಕಂಪ್ಯೂಟರಿನಲ್ಲಿ 1970ರ ಅಂಕಿ ತೆಗೆದರೆ ತಡೆಯಿರಿ, ಅದು ಆ ಕಾಲದ ಟೈರಿಗೆ. ರೇಡಿಯಲ್ ಟೈರ್, ಪವರ್ ಸ್ಟೇರಿಂಗ್ ಇರುವ ರಸ್ತೆಯ ಕಾರಿಗೆ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಪಿಂಡಲ್ಲಿನ ತಲೆ ಹಿಂದಕ್ಕೆ ವಾಲಿದ ಕೋನ) ಪ್ಲಸ್ 3ರಿಂದ 5 ಡಿಗ್ರಿ, ಕ್ಯಾಂಬರ್ (ಚಕ್ರದ ತಲೆ ವಾಲಿದ ಕೋನ, ಮೈನಸ್ ಅಂದರೆ ಒಳಗೆ) ಮೈನಸ್ ಅರ್ಧ ಡಿಗ್ರಿ, ಟೋ (ಎರಡು ಚಕ್ರಗಳ ಮುಂತುದಿ ಒಳಗೆ ತಿರುಗಿದ ಅಳತೆ) 1/16ರಿಂದ 1/8 ಇಂಚು ಒಳಗೆ. ಹಳೆಯ ಆರ್ಮ್‌ಗಳಲ್ಲಿ ಕ್ಯಾಸ್ಟರ್ 3 ಸಿಕ್ಕರೂ ಖುಷಿಪಡಿ.

ಖಾಲಿ ಪಾರ್ಕಿಂಗ್ ಜಾಗದಲ್ಲಿ ಮೆಲ್ಲಗೆ ಶುರು ಮಾಡಿ, ಪ್ಯಾಡ್ ಕಂಪನಿ ಹೇಳಿದಂತೆ ಪ್ಯಾಡುಗಳನ್ನು ಪಳಗಿಸಿ. ಆಮೇಲೆ ಜೋರಾಗಿ ಒತ್ತಿ, ಹೊರಗೆ ನಿಂತ ಸ್ನೇಹಿತರಿಗೆ ಯಾವ ಚಕ್ರ ಮೊದಲು ಲಾಕ್ ಆಯಿತು ಅಂತ ನೋಡಲು ಹೇಳಿ. ಹಿಂದಿನದು ಮೊದಲು ಲಾಕ್ ಆದರೆ ಕಾರು ಬಾಲ ತಿರುಗಿಸುತ್ತದೆ, ಹಿಂದಿನ ಒತ್ತಡ ಇನ್ನೂ ತಗ್ಗಿಸಿ. ಸುಮಾರು 150 ಕಿಲೋಮೀಟರ್ ಓಡಿಸಿದ ಮೇಲೆ ಚಕ್ರದ ನಟ್ಟು, ಬ್ರಾಕೆಟ್ ಬೋಲ್ಟು, ಪೈಪಿನ ಜೋಡಣೆ ಎಲ್ಲವನ್ನೂ ಮತ್ತೆ ಒಂದು ಸುತ್ತು ನೋಡಿ.

ಕೊನೆಗೆ ಒಂದು ಚೀಟಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ. ಡಿಸ್ಕ್ ಯಾವ ವರ್ಷದ ಯಾವ ಕಾರಿನದ್ದು, ಪ್ಯಾಡ್ ನಂಬರ್ ಏನು, ಬೇರಿಂಗ್ ನಂಬರ್ ಏನು, ಮಾಸ್ಟರ್ ಎಷ್ಟು ಇಂಚಿನದು. ಐದು ವರ್ಷ ಆದ ಮೇಲೆ ಪ್ಯಾಡ್ ಕೇಳಲು ಹೋದಾಗ ಅಂಗಡಿಯ ಹುಡುಗ "ಯಾವ ಕಾರು ಸಾರ್?" ಅನ್ನುತ್ತಾನೆ. 1970ರ ಮಾಲಿಬು ಅಂದರೆ ಅವನು ಡ್ರಮ್ ಶೂ ತಂದು ಕೌಂಟರಿನ ಮೇಲೆ ಇಡುತ್ತಾನೆ.